ನೂರರ ಲೆಕ್ಕ

ಮೇ ತಿಂಗಳ ನಡುಮಧ್ಯಾಹ್ನ. ಕೋಡಿಬಾಗ ರಸ್ತೆಯ
ನನ್ನ ಝೆರಾಕ್ಸ್ ಅಂಗಡಿಗೆ ಬಂದವರು ಇಬ್ಬರು:
ಪಿಯುಸಿ ಮುಗಿಸಿದ ಸುಚಿತಾ ಉಳ್ವೇಕರ,
ಮತ್ತವಳ ಆಯಿ, ತಲೆಯ ಬುಟ್ಟಿ ಇಳಿಸದೆ.
ಬುಟ್ಟಿಯಿಂದ ಕಾಳಿ ಹೊಳೆ ತೊಟ್ಟಿಕ್ಕುತ್ತಿತ್ತು
ಆಗಷ್ಟೇ ಒರೆಸಿದ ನೆಲಕ್ಕೆ.
ನಾನು ಏನೂ ಅನ್ನಲಿಲ್ಲ. ಅಂದಿದ್ದರೂ
ಕೇಳಿಸಿಕೊಳ್ಳುವ ಹೆಂಗಸಲ್ಲ ಅವಳು.

ಕಾಲೇಜು ದೂರದ್ದು. ಊರಿನ ಹೆಸರನ್ನು
ಆಯಿ ಮೂರು ಸಲ ಮೂರು ಥರ ಹೇಳಿದಳು.
ಅರ್ಜಿಯ ಏಳನೇ ಪುಟದಲ್ಲಿ ಎರಡು ಸೊನ್ನೆ.
ಪ್ರವೇಶ ಪರೀಕ್ಷೆಯ ಅಂಕ ಕಳಿಸಲು ಇಚ್ಛಿಸುತ್ತೇನೆ.
ಇಚ್ಛಿಸುವುದಿಲ್ಲ.
ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರ:
ಕಳಿಸದಿದ್ದರೂ ಬಾಧಕವಿಲ್ಲ.

ಬಾಧಕವಿಲ್ಲ ಎಂದು ಬರೆದಲ್ಲೇ ಬಾಧೆ ಶುರು.
‘ಅರವತ್ತೊಂದು ಪಾಯಿಂಟ್ ನಾಲ್ಕು ಅಕ್ಕಾ.
ಪರ್ಸೆಂಟ್ ಅಲ್ಲ, ಪರ್ಸೆಂಟೈಲು.’
‘ಅಂದ್ರೆ ಎಂತದು?’ ಆಯಿ ನನ್ನನ್ನೇ ಕೇಳಿದಳು.
ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ
ಅರವತ್ತೊಂದು ಇವಳ ಹಿಂದೆ, ಅಂದೆ.

ನೂರು ಅವಳಿಗೆ ಗೊತ್ತು.
ಬಳಚು ಮಾರುವುದು ನೂರರ ಲೆಕ್ಕದಲ್ಲೇ:
ಐದೈದರಂತೆ ಇಪ್ಪತ್ತು ಹಿಡಿ,
ಬಾಯಿ ತೆರೆದ ಚಿಪ್ಪು ಲೆಕ್ಕಕ್ಕಿಲ್ಲ,
ಕೊನೆಗೆ ನಾಕು ಕೊಸರು.
ಹುಬ್ಬು ಗಂಟಿಕ್ಕಿದಳು. ‘ಎಣಿಸಿದ್ದು ಯಾರು?
ಕೊಸರು ಹಾಕಿದ್ದಾರೋ ಇಲ್ಲವೋ?’

ಸುಚಿತಾ ನಗಲಿಲ್ಲ.
ಪರೀಕ್ಷೆ ಹುಬ್ಬಳ್ಳಿಯಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ.
ರಾತ್ರಿ ಬಸ್ಸು. ಅರಬೈಲು ಘಟ್ಟದಲ್ಲಿ ಮೂರು ಸಲ ವಾಂತಿ.
ಅಲ್ಲಿ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು
ಒದ್ದೆ ಕೂದಲಲ್ಲೇ ಕೂತು ಬರೆದದ್ದು.
ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.
ಸ್ಕ್ಯಾನ್ ಮಾಡಿದೆ. ನೂರು ಕೆಬಿಯೊಳಗೆ ಇರಬೇಕಂತೆ.
‘ಕುಗ್ಗಿಸ್ತೀನಿ,’ ಅಂದೆ.
‘ಕುಗ್ಗಿಸೋದಕ್ಕೆ ಇನ್ನೇನು ಉಳಿದಿದೆ ಅಕ್ಕಾ?’

ನಾನೂ ಒಮ್ಮೆ ಕಳಿಸಿದ್ದೆ, ರಿಜಿಸ್ಟರ್ಡ್ ಅಂಚೆಯಲ್ಲಿ,
ಧಾರವಾಡಕ್ಕೆ. ತಲುಪಿದ್ದಕ್ಕೆ ಸಾಕ್ಷಿಯಾಗಿ
ಒಂದು ಕಾರ್ಡು ವಾಪಸು ಬಂತು,
ಯಾರದೋ ವಕ್ರ ಸಹಿ, ಮಸುಕು ಠಸ್ಸೆ.
ಉತ್ತರ ಬರಲಿಲ್ಲ. ಆ ಕಾರ್ಡು
ಎಷ್ಟೋ ವರ್ಷ ರೇಶನ್ ಪುಸ್ತಕದೊಳಗೆ ಇತ್ತು.
ಇದನ್ನು ಅವರಿಗೆ ಹೇಳಲಿಲ್ಲ.

‘ಬುಟ್ಟಿ ಮುಚ್ಚಿಟ್ಟರೆ,’ ಆಯಿ ಅಂದಳು,
‘ಒಳಗಿದ್ದದ್ದು ನಾರಿದೆ ಅಂತಲೇ ತಿಳೀತಾನೆ ಗಿರಾಕಿ.’
‘ತೆರೆದಿಟ್ಟರೆ ಪಕ್ಕದವಳ ಬುಟ್ಟಿ ನೋಡ್ತಾನೆ,’
ಅಂದಳು ಮಗಳು, ಪರದೆಯಿಂದ ಕಣ್ಣೆತ್ತದೆ.
ಆಯಿ ಬಾಯಿ ತೆರೆದು, ಮುಚ್ಚಿ,
ಮೊದಲ ಸಲ ಬುಟ್ಟಿ ಇಳಿಸಿ
ಕೂತಳು ನನ್ನ ಕಾಗದದ ಕಟ್ಟಿನ ಮೇಲೆ.

ಫ್ಯಾನು ತಿರುಗಿತು. ಹೊರಗೆ ಗೋವಾ ಬಸ್ಸೊಂದು
ಸೇತುವೆಯತ್ತ ಹಾರ್ನ್ ಹೊಡೆದು ಹೋಯಿತು.
ಸುಚಿತಾ ಮೌಸನ್ನು ನನ್ನ ಕೈಯಿಂದ ತೆಗೆದುಕೊಂಡಳು.
ಬಾಣದ ಗುರುತು ಮೇಲಿನ ಸೊನ್ನೆಗೆ ಹೋಯಿತು,
ಕೆಳಗಿನದಕ್ಕೆ ಬಂತು, ಮತ್ತೆ ಮೇಲಕ್ಕೆ.
‘ಬರೆದದ್ದು ನಾನೇ ಅಲ್ವಾ,’ ಅಂದಳು,
ನಮ್ಮಿಬ್ಬರಿಗೂ ಅಲ್ಲ.
ಒತ್ತಿದಳು. ಕರೆಂಟು ಹೋಯಿತು.

ಕತ್ತಲೆ ಅಂಗಡಿಯಲ್ಲಿ ಮೂವರ ಬೆವರು.
ಹೋಯ್ತಾ? ಗೊತ್ತಿಲ್ಲ.
ಹೋಗಿದ್ದರೆ ಎಲ್ಲಿವರೆಗೆ? ಅಂಕೋಲೆ? ಆಯಿ ಕೇಳಿದಳು,
ಬಸ್ಸಿಗೆ ಕೇಳುವ ಹಾಗೆ.
ಮುಕ್ಕಾಲು ಗಂಟೆಯ ಮೇಲೆ ಬೆಳಕು ಬಂದಾಗ
ಪರದೆ ಮೊದಲಿಂದ ಹೆಸರು ಕೇಳಿತು.
ಸುಚಿತಾ ಬೇಸರಿಸದೆ ಟೈಪಿಸಿದಳು,
ಏಳನೇ ಪುಟದಲ್ಲಿ ಈ ಸಲ ತಡೆಯಲೇ ಇಲ್ಲ.

ನಲವತ್ತು ರೂಪಾಯಿ ಬೇಡವೆಂದೆ.
ಆಯಿ ಕೇಳದೆ ಕೊಟ್ಟೆಗೆ ಬಳಚು ತುಂಬಿ
ಮೇಜಿನ ಮೇಲೆ, ಕೀಬೋರ್ಡಿಗೆ ತಾಗಿಸಿ ಇಟ್ಟಳು.
ರಾತ್ರಿ ಮನೆಯಲ್ಲಿ ಸುಮ್ಮನೆ ಎಣಿಸತೊಡಗಿದೆ.
ಅರವತ್ತೊಂದಕ್ಕೆ ಬಂದು ಕೈ ನಿಂತಿತು.
ಉಳಿದದ್ದನ್ನು ಎಣಿಸದೆ
ಎಲ್ಲವನ್ನೂ ಉಪ್ಪುನೀರಿನ ಪಾತ್ರೆಗೆ ಸುರಿದೆ.

ನಡುರಾತ್ರಿ ಅಡುಗೆಮನೆಯಲ್ಲಿ ಸಣ್ಣ ಸದ್ದು,
ಚಿಪ್ಪುಗಳು ಒಂದೊಂದೇ ಬಾಯಿ ಬಿಡುತ್ತಿದ್ದವು.
ಬೆಳಿಗ್ಗೆ ಪಾತ್ರೆಯ ತಳದಲ್ಲಿ
ಒಂದು ಚಮಚೆ ಹೊಯ್ಗೆ.